ಗಡಗಿ ಲಗಮಣ್ಣನ ಮಣ್ಣು

"ತಲಿ ಹಿಡೀರಿ, ತಲಿ! ಎಡಕ್ಕ ವಾಲಾಕತ್ತೈತಿ," ಎಂದು ಅಯ್ಯನವರು ಕೂಗಿದರು.

ಮುರಗೆಪ್ಪ ಓಡಿಬಂದು ತಂದೆಯ ಗದ್ದವನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಜಳಕ ಮಾಡಿಸಿ, ಹಣೆಗೆ ತೋಳಿಗೆ ವಿಭೂತಿ ಬಳಿದು ಲಗಮಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಗೋಡೆಯ ಗೂಟಕ್ಕೆ ಅರಿವೆಯ ಪಟ್ಟಿ ಕಟ್ಟಿ ಹಣೆಗೆ ಬಿಗಿದರು, ಅದು ಕಾಣದಂತೆ ಮೇಲೆ ರುಮಾಲು ಸುತ್ತಿದರು. ಆದರೂ ತಲೆ ಒಂದಿಷ್ಟು ಎಡಕ್ಕೇ ನಿಂತಿತು. ಬದುಕಿದ್ದಾಗಲೂ ಅವನದು ಅದೇ ಚಾಳಿ. ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಂಡು, ತಲೆ ವಾರೆ ಮಾಡಿ, "ಅದು ಖರೆ, ಆದರ…" ಎಂದು ಶುರು ಮಾಡುವವನು.

"ಇರ್ಲಿ ಬಿಡ್ರಿ ಅಜ್ಜಾರ," ಎಂದಳು ಅವನ ಹೆಂಡತಿ ಗಿರಿಜವ್ವ. "ಅವರು ಕುಂದ್ರೂದಽ ಹಂಗ."

ಹಿಂದಿನ ರಾತ್ರಿ ಕಬ್ಬಿಗೆ ನೀರು ಹಾಯಿಸಿ ನಸುಕಿನಲ್ಲಿ ಮನೆಗೆ ಬಂದಿದ್ದ. "ಒಂದೀಟ ಅಡ್ಡಾಗ್ತೇನಿ, ಚಾ ಆದಮ್ಯಾಲ ಎಬ್ಬಸು," ಎಂದು ಮಲಗಿದವನು ಚಹಾ ಆರಿದರೂ ಏಳಲಿಲ್ಲ. ಗಿರಿಜವ್ವನಿಗೆ ಇನ್ನೂ ಅಳು ಬಂದಿರಲಿಲ್ಲ. ಒಲೆಯ ಪಕ್ಕದಲ್ಲಿ ಆ ಚಹಾದ ಕಪ್ಪು ಹಾಗೇ ಕೂತಿತ್ತು. ಅದನ್ನು ಚೆಲ್ಲಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಂಗಳ ತುಂಬಿತ್ತು. ಶಿರಗುಪ್ಪಿಯಿಂದ, ಕಾಗವಾಡದಿಂದ ಟೆಂಪೋ ಮಾಡಿಕೊಂಡು ಬೀಗರು ಬಂದಿದ್ದರು. ಮೀರಜಿನ ನಾದಿನಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಣ್ಣನ ಗುಣ ಹಾಡಿ ಅಳುತ್ತಿದ್ದಳು. ಕಬ್ಬೂರಿನ ತವರಿನವರು ಇನ್ನೂ ದಾರಿಯಲ್ಲಿದ್ದರು. ಇಷ್ಟು ಜನ ಸೇರಿದ್ದರೂ ಊರಿನಲ್ಲಿ ಏನೋ ಕಡಿಮೆಯಾದಂತಿತ್ತು. ಹೊಳೆದಂಡೆಯ ಪಂಪಿನ ಸದ್ದು ಇರಲಿಲ್ಲ.

"ಅಣ್ಣಾರು ಹುಕುಂ ಮಾಡ್ಯಾರ," ಎಂದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ. "ಲಗಮಣ್ಣನ ಮಣ್ಣ ಆಗೂತನಕ ಒಂದ ಹನಿ ನೀರೂ ಎತ್ತಬಾರದಂತ."

"ದೊಡ್ಡ ಮನಸ್ಸ ಬಿಡಪಾ."

"ಹೂಂ, ದೊಡ್ಡ ಮನಸ್ಸಽ," ಎಂದು ಮುದುಕನೊಬ್ಬ ತಂಬಾಕು ಉಗುಳಿ ಬಾಯಿ ಒರೆಸಿಕೊಂಡ. "ಬದಕಿದ್ದಾಗ ಅವನ ನೀರಿನ ಪಾಳಿ ರಾತ್ರಿಗಿ ಹಾಕಿದ್ದೂ ಅದಽ ಮನಸ್ಸು."

ಉಳಿದವರು ಆ ಮಾತು ಕೇಳಿಸಲಿಲ್ಲವೆಂಬಂತೆ ಬಾಗಿಲ ಕಡೆ ನೋಡಿದರು. ಅಣ್ಣಾರು ಎಂದರೆ ರಾವಸಾಹೇಬ, ಊರ ನೀರಿನ ಸಂಘದ ಅಧ್ಯಕ್ಷ. ಊರಲ್ಲಿ ಅವನ ಹೆಸರು ಹಿಡಿದು ಕರೆಯುತ್ತಿದ್ದವನು ಒಬ್ಬನೇ. ಅವನು ಈಗ ಗೋಡೆಗೆ ಒರಗಿ ಕೂತಿದ್ದ.

ಸಂಘದ ಕಾರ್ಯದರ್ಶಿ ಸತ್ತೆಪ್ಪ ಬಂದು ಮುರಗೆಪ್ಪನ ಹೆಗಲ ಮೇಲೆ ಕೈಹಾಕಿ ದನದ ಕೊಟ್ಟಿಗೆಯ ಮರೆಗೆ ಕರೆದೊಯ್ದ. ಅಡುಗೆಮನೆಯ ಬೆಳಕಿಂಡಿ ಆ ಕಡೆಗೇ ಇತ್ತು. ಕಪ್ಪು ತೊಳೆಯಲು ಹೋದ ಗಿರಿಜವ್ವನಿಗೆ ಎಲ್ಲವೂ ಕೇಳಿಸಿತು.

"ನಾಳಿನ ಸಭಾ ಇವತ್ತಽ ಕುಣಿ ಮುಂದ ಮುಗಸೂನು ಅಂತಾರ ಅಣ್ಣಾರು. ಮಂದಿ ಹೆಂಗೂ ಕೂಡೈತಿ. ಕಮಿಟಿಯಾಗ ನಿಮ್ಮಪ್ಪನ ಜಾಗಾಕ ನಿನ್ನ ತಗೋತಾರ. ನಿಮ್ಮ ಪಾಳೀನೂ ಹಗಲಿಗಿ ಬರತೈತಿ."

"ಠರಾವು? ಏನ ನಿರ್ಣಯ ಆಗೂದು?"

"ನಿನಗೇನ ಗೊತ್ತಿಲ್ಲೇನ? ಅಣ್ಣಾರು ಇರೂತನಕ ಅಣ್ಣಾರಽ ಅಧ್ಯಕ್ಷರು. ವರ್ಷಾ ವರ್ಷಾ ಕೇಳೂದು, ಎಣಸೂದು ಯಾಕ? ಪಾಳಿ ಹಚ್ಚೂದನ್ನೂ ಅವರಽ ನೋಡ್ಕೋತಾರ. ಎಲ್ಲಾರೂ ಒಂದಽ ಸಲ ಕೈ ಎತ್ತಿದ್ರ ಮುಗೀತು. ನಿಮ್ಮವ್ವಗ ಒಂದ ಮಾತ ಹೇಳಿ ಇಡು. ಅಳೂದ ಅಳಲಿ, ಬ್ಯಾರೆ ಏನೂ ಮಾತಾಡೂದ ಬ್ಯಾಡ."

ಮುರಗೆಪ್ಪ ಒಳಗೆ ಬಂದ. ಅಪ್ಪ ಸತ್ತ ದುಃಖ, ಹಗಲು ಪಾಳಿಯ ಆಸೆ, ಎರಡೂ ಅವನ ಮುಖದಲ್ಲಿ ಒಂದರ ಮೇಲೊಂದು ಕಾಣುತ್ತಿದ್ದವು. ಎಳೆಯ ಹೆಂಡತಿ, ಎರಡು ಸಣ್ಣ ಕೂಸು, ರಾತ್ರಿಯೆಲ್ಲ ಹಾವಿನ ನಡುವೆ ನೀರು ತಿರುವುವ ಬಾಳು. ಅವನನ್ನು ಬೈಯಲೂ ಬರುವಂತಿರಲಿಲ್ಲ.

"ಯವ್ವಾ, ಅಣ್ಣಾರು…"

"ಕೇಳೇನಿ," ಎಂದಳು ಗಿರಿಜವ್ವ.

"ಸುಮ್ನಿರತಿ ಹೌದಿಲ್ಲೊ?"

ಅವಳು ಅಟ್ಟದ ಕಡೆ ನೋಡಿದಳು. ಜೋಳದ ಚೀಲಗಳ ಹಿಂದೆ, ಬಾಯಿಗೆ ಧೋತರದ ತುಂಡು ಕಟ್ಟಿಸಿಕೊಂಡು ಒಂದು ಮಣ್ಣಿನ ಗಡಗಿ ಕೂತಿತ್ತು. ನಾಳೆಯ ಸಭೆಗೆ ಒಯ್ಯಬೇಕೆಂದು ಲಗಮಣ್ಣ ನಿನ್ನೆಯಷ್ಟೇ ಅದರ ಧೂಳು ಒರೆಸಿದ್ದ.

*

ಎಂಬತ್ತೊಂದರ ಬೇಸಿಗೆಯಲ್ಲಿ ಕೃಷ್ಣೆಯ ನೀರು ಮೊದಲ ಸಲ ಊರ ಏರು ಹತ್ತಿತು. ಅಲ್ಲಿಯ ತನಕ ಹೊಳೆ ಕಣ್ಣಿಗೆ ಕಾಣುತ್ತಿತ್ತು, ಬೆಳೆಯ ಬಾಯಿಗೆ ಸಿಗುತ್ತಿರಲಿಲ್ಲ. ರಾವಸಾಹೇಬ ಹೆಂಡತಿ ಕಸ್ತೂರೆವ್ವನ ಕೈಯ ಬಂಗಾರದ ಪಾಟಲಿ ಮಾರಿ ಮೊದಲ ಮೋಟರು ತಂದ. ಅವನೂ ಲಗಮಣ್ಣನೂ ಹೆಗಲ ಮೇಲೆ ಪೈಪು ಹೊತ್ತರು, ಪಂಪಿನ ಮನೆಯಲ್ಲಿ ಒಂದೇ ಕಂಬಳಿ ಹೊದ್ದು ತಿಂಗಳುಗಟ್ಟಲೆ ಮಲಗಿದರು. ನೀರು ಬಂದ ದಿನ ಇಬ್ಬರೂ ಧೋತರದ ಕಚ್ಚೆ ಬಿಗಿದು ಕಾಲುವೆಯಲ್ಲಿ ಕುಣಿದರು. ಊರು ರಾವಸಾಹೇಬನನ್ನು ಸುಮ್ಮನೆ ಅಣ್ಣಾರು ಎನ್ನಲಿಲ್ಲ. ಅದನ್ನು ಮರೆತು ಈ ಕತೆ ಹೇಳಿದರೆ ಹೇಳಿದ ನಾಲಗೆಗೆ ಹುಳ ಬಿದ್ದೀತು.

ಕಾಲುವೆಯ ಕೆಳಗೆ ಭೂಮಿ ಇದ್ದವರೆಲ್ಲ ಕೂಡಿ ಸಂಘ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ಪಂಪಿನ ಮನೆಯ ಮುಂದೆ ಸೇರಿ ಅಧ್ಯಕ್ಷನನ್ನು ಆರಿಸುವುದು, ಯಾರಿಗೆ ಯಾವ ಹೊತ್ತು ನೀರು ಎಂಬ ಪಾಳಿ ಹಚ್ಚುವುದು. ಮೊದಮೊದಲು ಕೈ ಎತ್ತಿಯೇ ನಡೆಯಿತು. ಆದರೆ ಯಾರ ಕೈ ಎತ್ತಲಿಲ್ಲ ಎಂದು ಪಕ್ಕದವನು ನೋಡುವುದು, ಅದನ್ನು ಸಂಜೆ ಚಹಾದ ಅಂಗಡಿಯಲ್ಲಿ ಹೇಳುವುದು, ಅದರಿಂದ ಜಗಳ. ನಾಲ್ಕನೆಯ ವರ್ಷ ಲಗಮಣ್ಣ ಕುಂಬಾರರ ಕೇರಿಯಿಂದ ಒಂದು ಗಡಗಿ ಹೊತ್ತುಕೊಂಡು ಸಭೆಗೆ ಬಂದ.

"ಇದೇನ ಲಗ್ಮಾ, ಉಪ್ಪಿನಕಾಯಿ ಹಾಕಾಂವೇನ?" ಎಂದು ರಾವಸಾಹೇಬ ನಕ್ಕಿದ್ದ.

"ಒಬ್ಬೊಬ್ಬರ ಕೈಯಾಗ ಒಂದು ಜ್ವಾಳದ ಕಾಳು, ಒಂದು ಹುಣಸಿ ಬೀಜ ಕೊಡೂದು. ಹೌದು ಅನ್ನಾವ್ರು ಗಡಗ್ಯಾಗ ಜ್ವಾಳಾ ಹಾಕೂದು, ಬ್ಯಾಡ ಅನ್ನಾವ್ರು ಹುಣಸಿ ಬೀಜ. ಉಳದದ್ದು ಮುಟಗ್ಯಾಗಽ ಇಟಗೊಂಡು ಮನಿಗಿ ಹೋಗೂದು. ಮುಟಗಿ ಬಿಚ್ಚಂತ ಯಾರೂ ಯಾರಿಗೂ ಅನಬಾರದು."

"ನೀ ಏನ ಹಾಕತಿ?"

"ನಾ ನಿನಗಽ ಜ್ವಾಳಾ ಹಾಕಾಂವ. ಆದರ ಹಾಕೂದ ನೀ ನೋಡಬಾರದು."

ಊರಿಗೆ ಇದು ಹೊಸ ಆಟದಂತೆ ರುಚಿಸಿತು. ಪಂಪಿನ ಮನೆಯ ಬಾಗಿಲ ಒಳಗೆ ಗಡಗಿ ಇಟ್ಟರು. ಹೊರಗೆ ಕೂತವರು ದೇವರ ಗುಡಿಯಲ್ಲಿ ಕೂತಂತೆ ತುಟಿ ಪಿಟಕ್ಕೆನ್ನದೆ ಕೂತರು. ಎಡವಟ್ಟಾದದ್ದು ಅಲ್ಲಿಯೇ. ಜೋಳದ ಕಾಳು ಬಿದ್ದರೆ ಸದ್ದಿಲ್ಲ. ಹತ್ತಿಪ್ಪತ್ತು ಜನ ಹೋಗಿಬಂದ ಮೇಲೆ, ಆ ಮೌನದ ನಡುವೆ, ಗಡಗಿಯ ತಳದಿಂದ 'ಟಣ್' ಎಂದು ಕೇಳಿಸಿತು. ಬಾಗಿಲಿಂದ ಹೊರಗೆ ಬಂದವನು ಮಲಕಾರಿ. ನಾಲ್ಕು ಕುರಿ, ಕಾಲುವೆಯ ತುದಿಯಲ್ಲಿ ಒಂದು ತುಣುಕು ಭೂಮಿ, ಇಷ್ಟೇ ಅವನ ಆಸ್ತಿ. ತುದಿಯ ಹೊಲಕ್ಕೆ ನೀರು ಮುಟ್ಟುತ್ತಿಲ್ಲ ಎಂಬುದಷ್ಟೇ ಅವನ ತಕರಾರು.

 ರಾವಸಾಹೇಬನೇ ಅಧ್ಯಕ್ಷನಾದ, ಗುಲಾಲು ಹಾರಿತು. ಆದರೆ ಆ ಬೇಸಿಗೆಯಲ್ಲಿ ಮಲಕಾರಿಯ ಹೊಲಕ್ಕೆ ನೀರೇ ಹೋಗಲಿಲ್ಲ. ಒಂದು ದಿನ ಪೈಪು ಒಡೆದಿತ್ತು, ಒಂದು ದಿನ ಕರೆಂಟಿರಲಿಲ್ಲ, ಒಂದು ದಿನ ನಾಳೆ ಬಾ. ಗೋವಿನಜೋಳ ನಿಂತಲ್ಲೇ ಒಣಗಿತು. ಅವನು ಕುರಿ ಹೊಡೆದುಕೊಂಡು ಅಥಣಿಯ ಕಡೆ ಹೋದ.

ಲಗಮಣ್ಣ ಗೆಳೆಯನ ಮನೆಗೆ ಹೋದ. "ನೀರ ಕೊಡಬ್ಯಾಡ ಅಂತ ನೀ ಹೇಳಿದ್ಯಾ?"

"ನಾ ಯಾಕ ಹೇಳ್ಲಿ? ಹುಡುಗೂರು ಮಾಡಿರಬೇಕು. ಊರ ಮಾತ ಮೀರಿದಾಂವಗ ಊರು ನೀರ ಕೊಡಬೇಕಂತ ಎಲ್ಲೈತಿ?"

"ಅದು ಖರೆ, ಆದರ… ಹುಣಸಿ ಬೀಜ ಅವನ ಕೈಯಾಗ ಕೊಟ್ಟಾವ್ರು ನಾವಽ ಅಲ್ಲೇನೋ ರಾವಸಾಬ? ಕೊಟ್ಟಮ್ಯಾಲ ಯಾಕ ಹಾಕಿದಿ ಅಂದ್ರ ಹೆಂಗ?"

ಅಂದು ಸಂಜೆ ಅವನು ಪಡಸಾಲೆಯಲ್ಲಿ ಗಡಗಿ ಮುಂದಿಟ್ಟುಕೊಂಡು ಒಂದೊಂದೇ ಹುಣಸೆ ಬೀಜ ಹಾಕುತ್ತ ಕೂತ. ಟಣ್. ಟಣ್. ಗಿರಿಜವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. "ಹುಚ್ಚ ಹಿಡದೈತೇನ ನಿಮಗ?"

"ನನ್ನ ಗಡಗಿ ಚಾಡಿ ಹೇಳ್ತು, ಗಿರಿಜಾ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಮರುದಿನ ಅವನು ಅಥಣಿಯ ಬಸ್ಸು ಹತ್ತಿ, ಅಡವಿ ಅಡವಿ ತಿರುಗಿ, ಮಲಕಾರಿಯನ್ನು ಹುಡುಕಿ ಕರೆದುತಂದ. ತನ್ನ ಪಾಳಿಯ ನೀರಿನಲ್ಲೇ ಅವನ ಹೊಲ ತೋಯಿಸಿದ. ಅವನ ಹಳೆಯ ಕಂಬಳಿಯ ತುಂಡೊಂದನ್ನು ಕೇಳಿ ಪಡೆದು ಗಡಗಿಯ ತಳಕ್ಕೆ ಹಾಸಿದ. ಹೆಂಡತಿಯನ್ನು ಕರೆದು ಬೀಜ ಹಾಕಿ ತೋರಿಸಿದ. ಸದ್ದು ಬರಲಿಲ್ಲ.

"ನೋಡು, ಈಗ ಹೊಟ್ಟ್ಯಾಗ ಇಟಗೊಂತೈತಿ," ಎಂದು ಮಗುವಿನಂತೆ ನಕ್ಕ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆರವಣಿಗೆ ಹೊರಟಿತು. ಬಾಳೆಕಂಬ, ಸೇವಂತಿಗೆ ಹೂವು ಕಟ್ಟಿದ ಕುರ್ಚಿಯಲ್ಲಿ ಲಗಮಣ್ಣ ತಲೆ ವಾರೆ ಮಾಡಿಕೊಂಡು ಕೂತಿದ್ದ. ಮುಂದೆ ಭಜನೆಯವರು, ಹಿಂದೆ ಹೆಣ್ಣುಮಕ್ಕಳು. ಅವರದು ಹೊಲದಲ್ಲೇ ಮಣ್ಣು ಮಾಡುವ ಮನೆತನ. ಕಬ್ಬಿನ ನಡುವಿನ ಬಂಡಿದಾರಿಯಲ್ಲಿ ಹೋಗಬೇಕು. ಪಕ್ಕದ ಕಾಲುವೆ ಬತ್ತಿ ಬಿದ್ದಿತ್ತು, ನಿನ್ನೆಯ ಕೆಸರಿನಲ್ಲಿ ಲಗಮಣ್ಣನ ಹೆಜ್ಜೆ ಇನ್ನೂ ಮೂಡಿದ್ದವು. ಅದನ್ನು ನೋಡಿದಾಗ ಗಿರಿಜವ್ವನಿಗೆ ಮೊದಲ ಸಲ ಅಳು ನುಗ್ಗಿ ಬಂತು. ಹಿಂದಿನಿಂದ ಯಾರೋ ಅವಳ ರೆಟ್ಟೆ ಹಿಡಿದರು. ತಿರುಗಿ ನೋಡಿದರೆ ಕಸ್ತೂರೆವ್ವ, ರಾವಸಾಹೇಬನ ಹೆಂಡತಿ. ತಲೆಯ ಮೇಲಿನ ಸೆರಗು ಹಣೆ ಮುಚ್ಚಿತ್ತು. ಅವಳು ರೆಟ್ಟೆ ಹಿಡಿದುಕೊಂಡೇ ನಡೆದಳು.

ಮಲಕಾರಿ ಎಲ್ಲರಿಗಿಂತ ಹಿಂದೆ, ಕಂಬಳಿ ಹೊದ್ದು ಬರುತ್ತಿದ್ದ. ಅವನ ಗಡ್ಡವೆಲ್ಲ ಬೆಳ್ಳಗಾಗಿತ್ತು.

*

ಎಂಬತ್ತೊಂಬತ್ತರಲ್ಲಿ ರಾವಸಾಹೇಬ ಒಂದು ಠರಾವು ತಂದಿದ್ದ. ಬೇಸಿಗೆಯಲ್ಲಿ ಮೊದಲು ದ್ರಾಕ್ಷಿ ತೋಟಗಳಿಗೆ ನೀರು, ಉಳಿದರೆ ಬೇರೆಯವರಿಗೆ. ದ್ರಾಕ್ಷಿಯಿಂದ ಊರಿಗೆ ಹೆಸರು ಬರುತ್ತದೆ ಎಂದು ಲಗಮಣ್ಣನೂ ಅದರ ಪರವಾಗಿಯೇ ಮಾತಾಡಿದ. ಆಡಿ ಮುಗಿಸಿ ಒಂದು ಬಾಲ ಸೇರಿಸಿದ. "ಉತಾರದಾಗ ಹೆಸರ ಇದ್ದಾವ್ರೆಲ್ಲಾ ತಾವಽ ಬಂದು ಗಡಗಿಗಿ ಹಾಕಬೇಕು. ಹೆಂಗಸರೂ."

ಉತಾರದಲ್ಲಿ, ಎಂದರೆ ಹೊಲದ ಪಹಣಿಯಲ್ಲಿ, ಹೆಸರಿದ್ದ ಹೆಂಗಸರು ನಾಲ್ಕೈದು ಜನ. ಗಿರಿಜವ್ವನಿಗೆ ತವರಿನ ಬಂಗಾರ ಮಾರಿ ಕೊಂಡ ಒಂದೆಕರೆ ಇತ್ತು. ಕಸ್ತೂರೆವ್ವನ ಹೆಸರಿಗೆ, ಭೂಮಿ ಮಿತಿಯ ಕಾನೂನಿಗೆ ಹೆದರಿ, ಗಂಡ ಒಂದಿಷ್ಟು ಬರೆದಿದ್ದ. ಇಬ್ಬರೂ ನಾಚುತ್ತ, ಬೈದುಕೊಳ್ಳುತ್ತ ಬಂದರು.

ಪಂಪಿನ ಮನೆಯ ಕತ್ತಲಲ್ಲಿ ಗಿರಿಜವ್ವ ಗಡಗಿಯೊಳಗೆ ಮೊಳಕೈ ತನಕ ಕೈ ಬಿಟ್ಟಳು. ಬೆರಳಿಗೆ ಕಂಬಳಿಯ ಒರಟು ತಗಲಿತು, ಕುರಿಯ ವಾಸನೆ ಬಂತು. ಬಾಗಿಲ ಹೊರಗೆ ಇಡೀ ಊರು ಕೂತಿತ್ತು. ಆದರೆ ಆ ಗಡಗಿಯ ಒಳಗೆ ಅತ್ತೆ ಇರಲಿಲ್ಲ, ಗಂಡ ಇರಲಿಲ್ಲ, ಅಣ್ಣಾರು ಇರಲಿಲ್ಲ. ಹುಟ್ಟಿದಾಗಿನಿಂದ ಯಾರ ಕಣ್ಣೂ ಬೀಳದ ಜಾಗ ಎಂದು ಅವಳಿಗೆ ಸಿಕ್ಕಿದ್ದು ಅದೊಂದೇ. ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು. ನಿಂತಳು. ಮುಷ್ಟಿ ಸಡಿಲಿಸಿದಳು.

ಎಣಿಸಿದಾಗ ಹುಣಸೆ ಬೀಜವೇ ಹೆಚ್ಚಿದ್ದವು. ರಾವಸಾಹೇಬ ಅವನ್ನು ಎರಡು ಸಲ ಎಣಿಸಿದ.

ಬಂಡಿಯಲ್ಲಿ ಮನೆಗೆ ಬರುವಾಗ ಗಿರಿಜವ್ವ ಎದೆ ಗಟ್ಟಿ ಮಾಡಿಕೊಂಡು ಕೂತಿದ್ದಳು. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ. ಲಗಮಣ್ಣ ಎತ್ತಿನ ಬಾಲ ಮುಟ್ಟಿ, ಹಿಂದೆ ತಿರುಗದೆ ಕೇಳಿದ: "ಸಂಜೀಕ ಏನ ಅಡಗಿ?"

ಅಷ್ಟೇ. ಆ ದಿನ ಕೇಳಲಿಲ್ಲ, ಆಮೇಲೆಯೂ ಕೇಳಲಿಲ್ಲ. ಅವಳು ಏನು ಹಾಕಿದಳೆಂದು ಕಟ್ಟಿಕೊಂಡ ಗಂಡನೇ ಕೇಳಲಿಲ್ಲವೆಂದ ಮೇಲೆ ನಾವು ಕೇಳುವವರು ಯಾರು?

ಮರುದಿನ ಹೊಳೆಯಲ್ಲಿ ಅರಿವೆ ಒಗೆಯುವಾಗ ಕಸ್ತೂರೆವ್ವ ದನಿ ತಗ್ಗಿಸಿ ಹೇಳಿದ್ದಳು. "ನಮ್ಮವರು ದೀಪಾ ಮುಟ್ಟಿಸಿ, ಆಣಿ ಹಾಕಿಸಿ ಕೇಳಿದ್ರಕ್ಕಾ, ಏನ ಹಾಕಿದಿ ಅಂತ."

"ನೀ ಏನಂದಿ?"

"ಜ್ವಾಳಾ ಅಂದೆ." ಒಂದೆರಡು ಸಲ ಅರಿವೆಯನ್ನು ಕಲ್ಲಿಗೆ ಬಡಿದಳು. "ನಿಮ್ಮನ್ಯಾಗ?"

"ನಮ್ಮನ್ಯಾಗ ಸಂಜೀಕ ಏನ ಅಡಗಿ ಅಂತ ಕೇಳಿದ್ರು."

ಕಸ್ತೂರೆವ್ವ ಎತ್ತಿದ ಅರಿವೆಯನ್ನು ಹಾಗೇ ಹಿಡಿದುಕೊಂಡು ಅವಳ ಮುಖ ನೋಡುತ್ತ ನಿಂತುಬಿಟ್ಟಿದ್ದಳು.

ಮುಂದಿನ ವರ್ಷದಿಂದ ಗಡಗಿ ಬಂದ್ ಆಯಿತು. "ಗಡಗಿ ಕೇಳಾವ್ರು ಊರ ಒಡ್ಯಾವ್ರು," ಎಂದ ರಾವಸಾಹೇಬ. ಮಂದಿ ಚಪ್ಪಾಳೆ ಹೊಡೆದರು. "ನನ್ನ ಮುಖಾ ನೋಡಿ ಕೈ ಎತ್ತಾಕ ಆಗದಾವ್ರು ನನ್ನ ನೀರ ಯಾಕ ಕುಡೀಬೇಕು?" ಹೊಳೆಯ ನೀರು ಅವನ ನೀರಾದದ್ದು ಅಂದಿನಿಂದ. ಕೈ ಎತ್ತದವರ ಪಾಳಿ ರಾತ್ರಿಗೆ ಹೋಗತೊಡಗಿತು. ಲಗಮಣ್ಣ ಪ್ರತಿ ಸಭೆಗೂ ಗಡಗಿ ಹೊತ್ತುಕೊಂಡು ಹೋಗುವವನೇ. "ಅಧ್ಯಕ್ಷ ನೀನಽ ಆಗು. ಗಡಗೀಲೆ ಆಗು," ಎನ್ನುವವನೇ. ಮಂದಿ ನಗುತ್ತಿದ್ದರು. ಗಡಗಿ ಲಗಮಣ್ಣ ಎಂಬ ಹೆಸರು ಬಂತು. ಅವನ ಪಾಳಿಯೂ ರಾತ್ರಿಗೆ ಬಿತ್ತು.

ಗಿರಿಜವ್ವನೂ ಬೈದದ್ದುಂಟು. "ಕೈ ಎತ್ತಿದ್ರ ನಿಮ್ಮ ಗಂಟೇನ ಹೋಗತೈತಿ? ಒಂದಿನ ಅದನ್ನ ಒಡದ ಒಗೀತೇನಿ ನೋಡ್ರಿ."

"ಒಡೀ," ಎನ್ನುತ್ತಿದ್ದ ಅವನು. "ಕುಂಬಾರಗ ವರ್ಷ, ದೊಣ್ಣಿಗ ನಿಮಿಷ."

ಅವಳು ಒಡೆದಿರಲಿಲ್ಲ.

*

ಕುಣಿಯೊಳಗಿನ ಗೂಡಿನಲ್ಲಿ ಲಗಮಣ್ಣನನ್ನು ಕೂಡಿಸಿದರು. ಎಡಗೈಯಲ್ಲಿ ಲಿಂಗ ಇಟ್ಟರು, ಬಲಗೈಯನ್ನು ತೊಡೆಯ ಮೇಲೆ ಬಿಟ್ಟರು. ಅಯ್ಯನವರು ಪತ್ರಿ ಏರಿಸಿ ಮಂತ್ರ ಮುಗಿಸಿದರು. ಇನ್ನು ಮಣ್ಣು ಕೊಡುವುದಷ್ಟೇ ಬಾಕಿ. ಆಗ ಸತ್ತೆಪ್ಪ ಮುಂದೆ ಬಂದು, "ಅಣ್ಣಾರು ನಾಕ ಮಾತ ಆಡತಾರ," ಎಂದ. ಆ ಕಡೆ ದೊಡ್ಡವರ ಮಣ್ಣಿನಲ್ಲಿ ಹೀಗೆ ಮಾತಾಡುವುದು ರೂಢಿ. ಯಾರಿಗೂ ವಿಚಿತ್ರವೆನಿಸಲಿಲ್ಲ.

ರಾವಸಾಹೇಬ ಒಡ್ಡಿನ ಮೇಲೆ ನಿಂತ. ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಮಾತು ಹೊರಡುವ ಮೊದಲೇ ಕಣ್ಣು ಒರೆಸಿಕೊಂಡ.

"ಪೈಪ ಹೊತ್ತ ಹೆಗಲು ಇದು," ಎಂದು ತನ್ನ ಎಡ ಹೆಗಲು ಮುಟ್ಟಿಕೊಂಡ. "ಆ ಕಡಿ ಹೆಗಲು ಇವತ್ತ ಕುಣ್ಯಾಗ ಕುಂತೈತಿ. ನನ್ನ ಹೆಸರ ಹಿಡದ ಕರ್ಯಾಂವ ಒಬ್ಬಽ ಇದ್ದ. ಇನ್ನ ಯಾರ ಕರೀತಾರ ನನ್ನ?"

ಜನ ಅತ್ತರು. ಗಿರಿಜವ್ವನೂ ಅತ್ತಳು. ಅವನ ಕಣ್ಣೀರು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಭಯವಾದದ್ದೂ ಅದಕ್ಕೇ. ಸುಳ್ಳು ಅಳುವವನ ಎದುರು ನಿಲ್ಲಬಹುದು, ಖರೇ ಅಳುವವನ ಎದುರು ನಿಲ್ಲುವುದು ಹೇಗೆ?

"ಪಂಪಿನ ಮನಿಗಿ ಲಗಮಣ್ಣನ ಹೆಸರ ಇಡೂನು," ಎಂದ ರಾವಸಾಹೇಬ. "ಅವನ ಮಗನ್ನ ಕಮಿಟಿಗಿ ತಗೊಳ್ಳೂನು. ಇನ್ನ ನಂದು. ಈ ಊರು ಬ್ಯಾರೆ ಅಲ್ಲ, ನಾ ಬ್ಯಾರೆ ಅಲ್ಲ. ವರ್ಷಾ ವರ್ಷಾ ಅಧ್ಯಕ್ಷ ಯಾರು ಅಂತ ಕೇಳೂದು, ಊರಾಗ ಎರಡ ಬಣ ಆಗೂದು, ಇದು ಸಾಕು. ನನ್ನ ಉಸರ ಇರೂತನಕ ಆ ಹೊರಿ ನಾನಽ ಹೊರತೇನಿ. ನನ್ನ ಗೆಳ್ಯಾನ ಮುಂದ ಕೇಳಾಕತ್ತೇನಿ. ಊರ ಒಂದು, ಮಾತ ಒಂದು. ಕೈ ಎತ್ರಿ."

ಕೈಗಳು ಎದ್ದವು. ಮೊದಲು ಒಡ್ಡಿನ ಹತ್ತಿರದವರು, ಆಮೇಲೆ ಕಬ್ಬಿನ ಅಂಚಿನವರು. ಕುಣಿಯ ಮುಂದೆ ಇಲ್ಲವೆನ್ನಲು ಯಾರ ಕರುಳು ಒಪ್ಪೀತು? ಕಂಬಳಿಯೊಳಗಿನಿಂದ ಮಲಕಾರಿಯ ಕೈಯೂ ಮೆಲ್ಲಗೆ ಮೇಲೆ ಬಂತು. ಮುರಗೆಪ್ಪನ ಕೈ ಕಿವಿಯ ತನಕ ಎದ್ದು ಅಲ್ಲಿ ನಿಂತಿತು. ಅವನು ತಾಯಿಯ ಕಡೆ ನೋಡಲಿಲ್ಲ.

ಗಿರಿಜವ್ವ ಕುಣಿಯೊಳಗೆ ನೋಡಿದಳು. ಲಗಮಣ್ಣ ತಲೆ ವಾರೆ ಮಾಡಿ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದಾನೆ, ಈಗ ಏನೋ ಹೇಳಬೇಕು, ಹೇಳಲು ಬಾಯಿಲ್ಲ. ಇನ್ನೊಂದು ಗಳಿಗೆಯಲ್ಲಿ ಆ ಮುಖದ ಮೇಲೆ ಮಣ್ಣು ಬೀಳುತ್ತದೆ, ಅದರ ಜೊತೆಗೆ ಅವನು ಇಷ್ಟು ವರ್ಷ ಬೇಡಿದ್ದೂ ಹೂತುಹೋಗುತ್ತದೆ. ಅವನ ಹೆಸರಿನಲ್ಲೇ, ಹೂವು ಏರಿಸಿ.

"ಅದು ಖರೆ, ಆದರ…"

ದನಿ ಹೆಂಗಸಿನದು. ಮಂದಿ ತಿರುಗಿ ನೋಡಿದರು. ಹಾಗೆ ಶುರು ಮಾಡಿದ್ದು ತಾನೇ ಎಂದು ಗಿರಿಜವ್ವನಿಗೂ ಒಂದು ಕ್ಷಣ ತಿಳಿಯಲಿಲ್ಲ.

"ಅದು ಖರೆ ಅಣ್ಣಾರ. ನೀರ ತಂದಾವ್ರು ನೀವು, ಇವರ ಗೆಳ್ಯಾ ನೀವು. ಆದರ ಉತಾರದಾಗ ನಂದೂ ಹೆಸರೈತಿ. ನಾ ಕೈ ಎತ್ತಿಲ್ಲ." ಅವಳು ಕುಣಿಯ ಕಡೆ ಬೆರಳು ಮಾಡಿದಳು. "ಇವರೂ ಎತ್ತಿಲ್ಲ. ನೋಡ್ರಿ."

ಎಲ್ಲರೂ ಬಗ್ಗಿ ನೋಡಿದರು. ಲಿಂಗ ಹಿಡಿದ ಕೈಯೂ ಬರಿಗೈಯೂ ತೊಡೆಯ ಮೇಲಿದ್ದವು.

"ಅವ್ವಾರು ದುಃಖದಾಗ ಅದಾರ, ತಲಿ ನೆಟ್ಟಗಿಲ್ಲ…" ಎಂದು ಸತ್ತೆಪ್ಪ ಬಾಯಿ ಹಾಕಿದ.

"ನೆಟ್ಟಗೈತಿ ತಮ್ಮಾ. ಇವತ್ತ ಮಂದಿ ಮಣ್ಣ ಕೊಡಾಕ ಬಂದೈತಿ. ಎತ್ತಿದ ಕೈಲೆ ಮಣ್ಣ ಕೊಡಾಕ ಬರೂದಿಲ್ಲ. ಇಳಸ್ರಿ. ಮಣ್ಣ ಕೊಡ್ರಿ. ಠರಾವಿಗಿ ನಾಳೆ ಸಭಾ ಐತಿ, ಅಟ್ಟದ ಮ್ಯಾಲ ಗಡಗಿ ಐತಿ."

 ಗಿರಿಜವ್ವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಮುಷ್ಟಿ ಮುಚ್ಚಿ ಕುಣಿಯ ಮೇಲೆ ಹಿಡಿದು ಸಡಿಲಿಸಿದಳು. ಹೊಸ ಬಿಳಿ ಧೋತರದ ಮೇಲೆ ಮಣ್ಣು ಸದ್ದಿಲ್ಲದೆ ಬಿತ್ತು.

ಎರಡನೆಯವನು ಮಲಕಾರಿ. ಎತ್ತಿದ ಕೈ ಇಳಿಸಿ, ಅದೇ ಕೈಯಲ್ಲಿ ಮಣ್ಣು ತುಂಬಿಕೊಂಡು ಬಂದ. ಅವನ ಹಿಂದೆ ತಂಬಾಕಿನ ಮುದುಕ. ಆಮೇಲೆ ಒಬ್ಬೊಬ್ಬರಾಗಿ ಕೈ ಇಳಿಸಿದರು. ಕೆಲವರು ಅಣ್ಣಾರ ಕಡೆ ಕದ್ದು ನೋಡಿ ಇಳಿಸಿದರು, ಕೆಲವರು ನೋಡದೆ ಇಳಿಸಿದರು. ಮುರಗೆಪ್ಪ ಎರಡೂ ಕೈಯಿಂದ ಮಣ್ಣು ಬಾಚಿಕೊಂಡು ತಾಯಿಯ ಪಕ್ಕಕ್ಕೆ ಬಂದು ನಿಂತ.

ರಾವಸಾಹೇಬನ ಕೈ ಇನ್ನೂ ಮೇಲೆಯೇ ಇತ್ತು. "ನನ್ನ ಮ್ಯಾಲ ನಂಬಿಗಿ ಇಲ್ಲೇನ ವೈನಿ?" ಎಂದ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ನಂಬಿಗಿ ಐತಿ. ನಿಮ್ಮ ಗೆಳ್ಯಾಗೂ ಇತ್ತು. ನಂಬಿಗಿ ಇಲ್ದಿದ್ರ ಸಂಘಾ ಬಿಟ್ಟ ಹೋಗತಿದ್ರು. ಗಡಗಿ ಹೊತಗೊಂಡ ನಿಮ್ಮ ಬಾಗಲಕ ಯಾಕ ಬರ್ತಿದ್ರು?"

ರಾವಸಾಹೇಬ ಸುತ್ತ ನೋಡಿದ. ತನ್ನನ್ನು ಹೊತ್ತು ಮೆರೆಸಿದ ಮಂದಿ ಇದೇ, ಗುಲಾಲು ಹಾರಿಸಿದ ಮಂದಿ ಇದೇ. ಅವನ ಬೆನ್ನು ನೆಟ್ಟಗಾಯಿತು. "ಆತು. ನಾಳೆ ಇಡ್ರಿ ನಿಮ್ಮ ಗಡಗಿ. ಊರು ನನ್ನ ಬೆನ್ನಿಗೈತಿ ಅಂತ ಅದೂ ಹೇಳ್ಲಿ. ಒಂದಽ ಒಂದು ಹುಣಸಿ ಬೀಜ ಬಿದ್ರ…"

"ಬಿದ್ರ ಯಾರದಂತ ಕೇಳಬಾರದು, ಅಣ್ಣಾರ."

ರಾವಸಾಹೇಬ ಕೈ ಇಳಿಸಿದ. ಟೋಪಿ ಹಾಕಿಕೊಂಡು ಒಡ್ಡಿನಿಂದ ಇಳಿದ. ಕುಣಿಯ ಅಂಚಿಗೆ ಬಂದು ಮಣ್ಣು ಹಿಡಿದ ಕೈಯನ್ನು ಚಾಚಿದವನಿಗೆ ಬಹಳ ಹೊತ್ತಿನ ತನಕ ಬೆರಳು ಬಿಚ್ಚಲಾಗಲಿಲ್ಲ. "ಲಗ್ಮಾ," ಎಂದಷ್ಟೇ ಅಂದ.

*

ದೀಪ ಹಚ್ಚುವ ಹೊತ್ತು. ಲಗಮಣ್ಣನನ್ನು ಕೂಡಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಹೊಳೆಯ ಕಡೆಯಿಂದ ಪಂಪಿನ ಗುಂಯ್ ಮತ್ತೆ ಕೇಳತೊಡಗಿತ್ತು. ಮುರಗೆಪ್ಪ ಅಟ್ಟದಿಂದ ಗಡಗಿ ಇಳಿಸಿಕೊಟ್ಟು ಹೊರಗೆ ಹೋದ.

ಗಿರಿಜವ್ವ ಗಡಗಿಯೊಳಗೆ ಕೈ ಬಿಟ್ಟು ನೋಡಿದಳು. ಕಂಬಳಿಯ ತುಂಡನ್ನು ನುಸಿ ತಿಂದು ಪುಡಿ ಮಾಡಿತ್ತು. ಒಂದು ಹರಳು ಹಾಕಿದಳು. ಟಣ್ ಎಂದಿತು. ಬಾಗಿಲ ಹೊರಗೆ ಕೂತಿದ್ದ ಮಲಕಾರಿ ಆ ಸದ್ದಿಗೆ ತಟ್ಟನೆ ತಲೆ ಎತ್ತಿದ. ಹೊದ್ದಿದ್ದ ಕಂಬಳಿಯ ಮೂಲೆ ಹಿಡಿದು, ಉಣ್ಣೆ ಕತ್ತರಿಸುವ ಕತ್ತರಿಯಿಂದ ಅಂಗೈಯಗಲ ತುಂಡು ತೆಗೆದು ಹೊಸ್ತಿಲ ಮೇಲೆ ಇಟ್ಟ.

"ಇದು ಹೊಸಾದೈತ್ರಿ ಯವ್ವಾ," ಎಂದು ಎದ್ದು ಹೋದ.

ಆ ಮೇಲೆ ಕಸ್ತೂರೆವ್ವ ಬಂದಳು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ಬುತ್ತಿ ತರುವುದು ಪದ್ಧತಿ. ರೊಟ್ಟಿ, ಜುಣಕದ ಗಂಟನ್ನು ಇಳಿಸಿ ಗಿರಿಜವ್ವನ ಎದುರು ಕೂತಳು. ಅವಳ ಕಣ್ಣು ಗಡಗಿಯ ಮೇಲಿತ್ತು. ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿನ ತುದಿಯ ಗಂಟು ಬಿಚ್ಚಿ, ಪಕ್ಕದಲ್ಲಿದ್ದ ಮೊರದೊಳಗೆ ಸುರಿದಳು. ಒಂದು ಬೊಗಸೆ ಹುಣಸೆ ಬೀಜ.

"ಜ್ವಾಳಾ ನಿಮ್ಮನ್ಯಾಗ ಇರ್ತಾವು," ಎಂದಳು. "ಇವು ಅದಾವೋ ಇಲ್ಲೋ ಅಂತ ತಂದೆ ಅಕ್ಕಾ."

ಗಿರಿಜವ್ವ ಬೀಜಗಳನ್ನು ನೋಡಿದಳು, ಕಸ್ತೂರೆವ್ವನ ಮುಖ ನೋಡಿದಳು. ಎದ್ದು ಒಂದು ಬೊಗಸೆ ಜೋಳ ತಂದು ಅದೇ ಮೊರದ ಇನ್ನೊಂದು ಬದಿಗೆ ಸುರಿದು ಕೂತಳು.

"ನಿಮ್ಮನ್ಯಾಗ ಸಂಜೀಕ ಏನ ಅಡಗಿ ಕಸ್ತೂರಿ?" ಎಂದು ಕೇಳಿದಳು.

 ಕಸ್ತೂರೆವ್ವ ಮೊರವನ್ನು ಹಣತೆಯ ಬೆಳಕಿಗೆ ಎಳೆದುಕೊಂಡಳು. ಇಬ್ಬರೂ ತಲೆ ಬಗ್ಗಿಸಿ ಹುಳುಕು ಕಾಳು, ಹುಳುಕು ಬೀಜ ಆರಿಸಿ ತೆಗೆಯುತ್ತ ಕೂತರು.